ಇವತ್ತು ಎಷ್ಟಾಣೆ?

‘ಸೋಮವಾರದಿಂದ ಶುರು’ ಎಂಬ ಮಾತು ನನ್ನ ಬಾಯಲ್ಲಿ ವರ್ಷಗಟ್ಟಲೆ ಇತ್ತು. ಸೋಮವಾರ ತಪ್ಪಿದರೆ ಒಂದನೇ ತಾರೀಖು, ಅದೂ ತಪ್ಪಿದರೆ ಯುಗಾದಿ. ಬೆಳಗಿನ ನಡಿಗೆ, ಸಿಹಿ ಬಿಡುವುದು, ಮನೆಖರ್ಚಿನ ಲೆಕ್ಕ ಬರೆಯುವುದು, ಇಲಾಖಾ ಪರೀಕ್ಷೆಗೆ ಓದುವುದು, ಎಲ್ಲಕ್ಕೂ ಒಂದೇ ಕಟ್ಟಳೆ: ಹಿಡಿದರೆ ಪೂರ್ತಿ ಹಿಡಿಯಬೇಕು, ಇಲ್ಲದಿದ್ದರೆ ಮುಟ್ಟಲೇಬಾರದು. ಒಂದು ದಿನ ಕೈತಪ್ಪಿದರೆ ಇಡೀ ವಾರ ಕೆಟ್ಟಂತೆ. ಹೊರಗಿನಿಂದ ನೋಡುವವರಿಗೆ ಇದು ಶಿಸ್ತಾಗಿ ಕಾಣುತ್ತದೆ. ‘ಅವಳು ಮಾಡಿದರೆ ಅಚ್ಚುಕಟ್ಟು’ ಎಂದು ಹೊಗಳುತ್ತಾರೆ. ಆ ಅಚ್ಚುಕಟ್ಟಿನ ಹೆಸರಿನಲ್ಲಿ ಎಷ್ಟು ಕೆಲಸಗಳು ಶುರುವಾಗದೆಯೇ ಸಾಯುತ್ತವೆ ಎಂಬುದು ಅದನ್ನು ಅನುಭವಿಸಿದವರಿಗೆ ಮಾತ್ರ ಗೊತ್ತು. ನನ್ನ ಸುತ್ತ ಇಂಥವರು ಬಹಳ ಮಂದಿ ಇದ್ದಾರೆ, ಹೆಚ್ಚಿನವರು ಬಲು ಒಳ್ಳೆಯ ಕೆಲಸಗಾರರು. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನ ಮನೆ ಕೋಲಾರದಲ್ಲಿ, ಕೆಲಸ ಮುಳಬಾಗಿಲು ತಾಲ್ಲೂಕಿನ ಒಂದು ಕಂದಾಯ ವೃತ್ತದಲ್ಲಿ. ಗ್ರಾಮ ಆಡಳಿತ ಅಧಿಕಾರಿ. ಗ್ರಾಮ ಲೆಕ್ಕಿಗರು ಎಂದರೆ ಊರಿನವರಿಗೆ ಬೇಗ ತಿಳಿಯುತ್ತದೆ. ಪಹಣಿ, ಪೌತಿ ಖಾತೆ, ಪಿಂಚಣಿ ಅರ್ಜಿ, ಚುನಾವಣೆ ಪಟ್ಟಿ ಇವುಗಳ ನಡುವೆ ಸುಗ್ಗಿಯ ಕಾಲಕ್ಕೆ ಬೆಳೆ ಕಟಾವು ಪ್ರಯೋಗವೂ ನಮ್ಮ ಪಾಲಿಗೆ ಬರುತ್ತದೆ. ಬೆಳೆ ವಿಮೆಗೆ ಇಳುವರಿ ಲೆಕ್ಕ ಹಾಕುವುದು ಇದರ ಮೇಲೆಯೇ. ಯಾವ ಸರ್ವೆ ನಂಬರು ಎಂಬುದು ಮೊದಲೇ ಆಯ್ಕೆಯಾಗಿ ಬಂದಿರುತ್ತದೆ. ಹೊಲದ ಮೂಲೆಯಿಂದ ಎಷ್ಟು ಹೆಜ್ಜೆ ಒಳಗೆ ಹೋಗಬೇಕೆಂಬುದಕ್ಕೂ ಸಂಖ್ಯೆ ಇರುತ್ತದೆ. ಚೆನ್ನಾಗಿ ಬೆಳೆದ ಜಾಗವನ್ನು ನಾವು ಆರಿಸುವಂತಿಲ್ಲ, ಸೊರಗಿದ ಜಾಗವನ್ನೂ ಆರಿಸುವಂತಿಲ್ಲ. ಆ ಸಂಖ್ಯೆ ನಿಲ್ಲಿಸಿದಲ್ಲಿ ಐದು ಮೀಟರ್ ಉದ್ದ, ಐದು ಮೀಟರ್ ಅಗಲ ಅಳೆದು, ನಾಲ್ಕು ಗೂಟ ಹೊಡೆದು ಹಗ್ಗ ಸುತ್ತುತ್ತೇವೆ. ಹಗ್ಗದೊಳಗಿನ ರಾಗಿಯನ್ನು ಕೊಯ್ದು, ತೆನೆ ಬಡಿದು, ತೂರಿ, ಕಾಳನ್ನು ತಕ್ಕಡಿಗೆ ಹಾಕುತ್ತೇವೆ.

2023 ಬರದ ವರ್ಷ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಗಿದ್ದವು. ಆ ಸುಗ್ಗಿಯಲ್ಲಿ ಒಂದು ಹೊಲಕ್ಕೆ ಹೋದಾಗ ರಾಗಿ ಮೊಣಕಾಲೆತ್ತರವೂ ಇರಲಿಲ್ಲ. ತೆನೆಯ ಬೆರಳುಗಳು ಮುದುರಿಕೊಂಡಿದ್ದವು, ತಿಕ್ಕಿದರೆ ಅರ್ಧಕ್ಕರ್ಧ ಜೊಳ್ಳು. ತೂರಿ ಮುಗಿಸಿದ ಮೇಲೆ ಮೊರದಲ್ಲಿ ಉಳಿದ ಕಾಳನ್ನು ನೋಡಿ, ‘ಪೂರ್ತಿ ಹೋಯಿತಲ್ಲಮ್ಮಾ’ ಎಂದೆ. ಹೊಲದೊಡತಿ ತಲೆಯೆತ್ತಲಿಲ್ಲ, ಹುಲ್ಲಿನ ಕಟ್ಟು ಬಿಗಿಯುತ್ತಲೇ ಹೇಳಿದರು: ‘ಪೂರ್ತಿ ಎಲ್ಲಿ ಹೋಯಿತು? ನಾಲ್ಕಾಣೆ ಬಂದಿದೆ. ಹುಲ್ಲು ಎಂಟಾಣೆಯಾದರೂ ಇದೆ. ಅವರೆ ಸಾಲು ಇನ್ನೂ ಹೂವಿನಲ್ಲಿದೆ, ಅದರ ಲೆಕ್ಕ ಈಗಲೇ ಹೇಳುವುದಕ್ಕಾಗುವುದಿಲ್ಲ.’

ಅದು ಸಮಾಧಾನದ ಮಾತಾಗಿರಲಿಲ್ಲ, ಲೆಕ್ಕವಾಗಿತ್ತು. ನಮ್ಮ ಬಯಲುಸೀಮೆಯ ಒಣಬೇಸಾಯದಲ್ಲಿ ಬೆಳೆಯನ್ನು ಅಳೆಯುವುದೇ ಹಾಗೆ. ಹಿಂದೆ ರೂಪಾಯಿಗೆ ಹದಿನಾರು ಆಣೆ, ಹಾಗಾಗಿ ಹದಿನಾರಾಣೆ ಎಂದರೆ ತುಂಬು ಬೆಳೆ. ಅಲ್ಲಿಂದ ಕೆಳಗೆ ಹನ್ನೆರಡಾಣೆ, ಎಂಟಾಣೆ, ಆರಾಣೆ, ಎರಡಾಣೆ. ಕಂದಾಯ ಇಲಾಖೆಯ ಹಳೆಯ ಕಡತಗಳಲ್ಲಿಯೂ ಆಣೆವಾರಿ ಎಂದು ಇದೇ ಇರುತ್ತಿತ್ತು. 1957ರಲ್ಲಿ ದಶಮಾಂಶ ನಾಣ್ಯ ಬಂದು ಆಣೆ ಪೇಟೆಯಿಂದ ಮರೆಯಾದರೂ ಹೊಲದಲ್ಲಿ ಇಂದಿಗೂ ಚಲಾವಣೆಯಲ್ಲಿದೆ. ಇನ್ನು ಅವರು ಹೇಳಿದ ಅವರೆ ಸಾಲು: ರಾಗಿಯ ಕೆಲವು ಸಾಲುಗಳಿಗೊಂದರಂತೆ ಅವರೆ, ತೊಗರಿ, ಹುಚ್ಚೆಳ್ಳು, ಜೋಳ ಇವುಗಳ ಅಕ್ಕಡಿ ಹಾಕುತ್ತಾರೆ. ಮಳೆ ರಾಗಿಗೆ ಕೈಕೊಟ್ಟರೂ ಮಾರ್ಗಶಿರದ ಇಬ್ಬನಿಗೆ ಅವರೆ ಚೇತರಿಸಿಕೊಳ್ಳಬಹುದು. ಹೊಲ ಒಂದೇ ಉತ್ತರ ಕೊಡದಂತೆ ಬಿತ್ತುವಾಗಲೇ ನೋಡಿಕೊಂಡಿರುತ್ತಾರೆ. ಹತ್ತಿರ ಹತ್ತಿರ ಬದುಕಿಡೀ ಬರ ಕಂಡ ಜನ ಇವರು. ‘ಬಂತು’ ಮತ್ತು ‘ಹೋಯಿತು’ ಎಂಬ ಎರಡೇ ಮಾತು ಇಟ್ಟುಕೊಂಡಿದ್ದರೆ ಕೋಲಾರ ಜಿಲ್ಲೆಯಲ್ಲಿ ಯಾರೂ ಎರಡನೇ ಸಲ ನೇಗಿಲು ಹಿಡಿಯುತ್ತಿರಲಿಲ್ಲ.

ಆ ಹೊತ್ತಿಗೆ ನನಗೆ ಸರಿಯಾಗಿ ನಿದ್ದೆ ಬಾರದೆ ತಿಂಗಳುಗಳಾಗಿದ್ದವು. ರಾತ್ರಿ ದೀಪ ಆರಿಸಿದ ಕೂಡಲೇ ಆ ದಿನ ಆಗದ ಕೆಲಸಗಳೆಲ್ಲ ಸಾಲಾಗಿ ನಿಲ್ಲುತ್ತಿದ್ದವು. ವೈದ್ಯರ ಸಲಹೆಯಂತೆ ಆಪ್ತಸಮಾಲೋಚಕಿಯೊಬ್ಬರನ್ನು ಕಂಡೆ. ಅವರು ನನ್ನ ಮಾತನ್ನು ಕೇಳುತ್ತಾ ‘ಯಾವಾಗಲೂ’, ‘ಒಂದೂ ಇಲ್ಲ’, ‘ಪೂರ್ತಿ’, ‘ಸಂಪೂರ್ಣ ವ್ಯರ್ಥ’ ಎಂಬ ಮಾತುಗಳನ್ನು ಒಂದು ಹಾಳೆಯಲ್ಲಿ ಗುರುತು ಹಾಕಿಕೊಂಡಿದ್ದರು. ಕೊನೆಗೆ ಆ ಹಾಳೆಯನ್ನು ನನ್ನತ್ತ ತಿರುಗಿಸಿದರು. ಖಿನ್ನತೆಯಿಂದ ಬಳಲುವವರ ಯೋಚನೆಯಲ್ಲಿ ಇಂಥ ಎರಡೇ ಖಾನೆಗಳ ವಿಂಗಡಣೆ ಮತ್ತೆ ಮತ್ತೆ ಕಾಣಿಸುತ್ತದೆ ಎಂದು ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿಯೇ ಗುರುತಿಸಿದ್ದರಂತೆ. ಆ ಯೋಚನೆಯನ್ನೇ ಹಿಡಿದು ಪರೀಕ್ಷಿಸುವ ಚಿಕಿತ್ಸಾ ಕ್ರಮ ಬೆಳೆದದ್ದೂ ಅವರಿಂದ. ಸಮಾಲೋಚಕಿ ಒಂದು ಗೆರೆ ಎಳೆದು ಒಂದು ತುದಿಗೆ ಸೊನ್ನೆ, ಇನ್ನೊಂದಕ್ಕೆ ನೂರು ಬರೆದರು. ‘ಇವತ್ತಿನ ದಿನವನ್ನು ಈ ಗೆರೆಯ ಮೇಲೆ ಎಲ್ಲಿ ಇಡುತ್ತೀರಿ?’ ಎಂದು ಕೇಳಿದರು.

ನನಗೆ ಆ ನೂರು ಹಿಡಿಸಲಿಲ್ಲ. ನೂರು ಎಂದ ಕೂಡಲೇ ಪರೀಕ್ಷೆಯ ಅಂಕ ನೆನಪಾಗುತ್ತದೆ. ತೊಂಬತ್ತೆರಡು ಬಂದವಳಿಗೆ ಕಾಣುವುದು ಹೋದ ಎಂಟು. ಮನೆಗೆ ಬಂದು ಆ ಗೆರೆಗೆ ಹದಿನಾರು ಗುರುತು ಹಾಕಿದೆ. ಆಣೆ ಲೆಕ್ಕ ಕಣ್ಣಂದಾಜಿನದು, ಆರಕ್ಕೂ ಏಳಕ್ಕೂ ಯಾರೂ ಜಗಳವಾಡುವುದಿಲ್ಲ. ಜೊತೆಗೆ ನಮ್ಮ ಕಡೆ ಹದಿನಾರಾಣೆ ಬೆಳೆಯನ್ನು ಪ್ರತಿ ವರ್ಷ ನಿರೀಕ್ಷಿಸುವವರೂ ಇಲ್ಲ. ಹನ್ನೆರಡಾಣೆ ಬಂದರೆ ಕಣದಲ್ಲಿ ಹಬ್ಬ.

ರೂಢಿ ಮಾಡಿಕೊಂಡದ್ದು ಹೀಗೆ. ರಾತ್ರಿ ಊಟವಾದ ಮೇಲೆ ಸಣ್ಣದೊಂದು ನೋಟ್‌ಬುಕ್ಕಿನಲ್ಲಿ ನಾಲ್ಕೈದು ಬಾಬುಗಳ ಮುಂದೆ ಆಣೆ ಬರೆಯುತ್ತೇನೆ: ನಡಿಗೆ, ಊಟ, ಓದು, ಕಚೇರಿ, ಮನೆಯವರೊಡನೆ ಮಾತು. ಸೊನ್ನೆ ಬರೆಯಬೇಕಾದರೆ ಹೊಲಕ್ಕೆ ಹೋಗಿ ನೋಡಿಯೇ ಬರೆಯಬೇಕು ಎಂಬುದು ನನಗೆ ನಾನೇ ಹಾಕಿಕೊಂಡ ನಿಯಮ. ಅಂದರೆ ಆ ದಿನ ಏನೇನೂ ಆಗಿಲ್ಲವೆಂದು ಎರಡು ಸಾಲಿನಲ್ಲಿ ಬರೆದು ತೋರಿಸಬೇಕು. ಬರೆಯಲು ಕೂತರೆ ಸೊನ್ನೆ ನಿಲ್ಲುವುದೇ ಅಪರೂಪ. ‘ಇವತ್ತು ನಡೆಯಲೇ ಇಲ್ಲ’ ಎಂದು ಶುರುಮಾಡಿದರೆ, ಮುಳಬಾಗಿಲು ಬಸ್ ನಿಲ್ದಾಣದಿಂದ ಕಚೇರಿಗೆ ನಡೆದದ್ದು, ಪೋಡಿ ವಿಚಾರಕ್ಕೆ ಬದುವಿನ ಮೇಲೆ ಓಡಾಡಿದ್ದು ನೆನಪಿಗೆ ಬರುತ್ತದೆ. ಮೊದಲು ನಾನು ಇದನ್ನೆಲ್ಲ ನಡಿಗೆ ಎಂದು ಒಪ್ಪುತ್ತಿರಲಿಲ್ಲ. ಅಂತರಗಂಗೆಯ ಮೆಟ್ಟಿಲು ಹತ್ತಿ, ಬಸವನ ಬಾಯಿಂದ ಬೀಳುವ ನೀರು ಮುಟ್ಟಿ ಇಳಿದರೆ ಮಾತ್ರ ನಡಿಗೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯೇ 2020ರ ಮಾರ್ಗಸೂಚಿಯಲ್ಲಿ, ಒಂದೇ ಸಲಕ್ಕೆ ಕನಿಷ್ಠ ಹತ್ತು ನಿಮಿಷವಾದರೂ ಇರಬೇಕೆಂಬ ಹಿಂದಿನ ಕಟ್ಟನ್ನು ತೆಗೆದುಹಾಕಿದೆ. ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ ಎಂಬ ಗುರಿ ಇದೆ, ಅದಕ್ಕೆ ಚೂರುಪಾರೂ ಸೇರುತ್ತದೆ. ಏನೂ ಇಲ್ಲದ್ದಕ್ಕಿಂತ ಎಷ್ಟಾದರೂ ಲೇಸು ಎಂದು ಅವರೇ ಹೇಳುತ್ತಾರೆ. ಈ ಒಂದು ಸಂಗತಿ ಮೊದಲೇ ಗೊತ್ತಿದ್ದರೆ ಎಷ್ಟೋ ಮಂದಿ ಮಧ್ಯವಯಸ್ಸಿನ ಹೆಂಗಸರು ‘ನನಗೆ ವ್ಯಾಯಾಮಕ್ಕೆ ಸಮಯವಿಲ್ಲ’ ಎಂದು ಕೈಚೆಲ್ಲುತ್ತಿರಲಿಲ್ಲ.

ಆಣೆ ಬರೆಯುವುದೂ ಮೊದಮೊದಲು ಸುಲಭವಾಗಿರಲಿಲ್ಲ. ಕೈ ತಾನಾಗಿಯೇ ಎರಡು ತುದಿಗೆ ಹೋಗುತ್ತಿತ್ತು. ಅದು ಕಳೆದ ಮೇಲೆ ಎಲ್ಲಕ್ಕೂ ಎಂಟಾಣೆ ಬರೆಯುವ ಚಾಳಿ ಬಂತು. ಅದೂ ಕುರುಡೇ. ಏನು ಬಂತು, ಏನು ಬರಲಿಲ್ಲ ಎಂದು ಒಂದು ಮಾತು ಪಕ್ಕದಲ್ಲಿ ಬರೆಯತೊಡಗಿದ ಮೇಲೆ ಲೆಕ್ಕ ಸರಿಹೋಯಿತು.

ಹೊಲದಿಂದ ಎತ್ತಿಕೊಂಡ ಇನ್ನೊಂದು ಪಾಠವೆಂದರೆ ಜಾಗ ಆರಿಸದೆ ಅಳೆಯುವುದು. ದಿನ ಹಾಳಾಯಿತು ಎನ್ನುವಾಗ ನಾವು ಸಾಮಾನ್ಯವಾಗಿ ಸೊರಗಿದ ಮೂಲೆಗೆ ಹೋಗಿ ಹಗ್ಗ ಕಟ್ಟಿರುತ್ತೇವೆ. ಮೇಲಧಿಕಾರಿ ಸಭೆಯಲ್ಲಿ ಏರಿದ ದನಿಯಲ್ಲಿ ಮಾತನಾಡಿದ ಎರಡು ನಿಮಿಷ ಇಡೀ ದಿನದ ಇಳುವರಿಯಾಗಿಬಿಡುತ್ತದೆ. ಅದಕ್ಕೆ ಬೆಳಗಿನ ಆರರಿಂದ ರಾತ್ರಿ ಒಂಬತ್ತರವರೆಗೆ ಗಂಟೆಗೊಂದು ಚೀಟಿ ಮಾಡಿ ಡಬ್ಬಿಯಲ್ಲಿ ಹಾಕಿಟ್ಟಿದ್ದೇನೆ. ಮನಸ್ಸು ತೀರಾ ಕುಸಿದ ದಿನ ಎರಡು ಚೀಟಿ ಎತ್ತಿ, ಆ ಎರಡು ಗಂಟೆಗಳಲ್ಲಿ ಏನು ನಡೆಯಿತು ಎಂಬುದನ್ನಷ್ಟೇ ನೆನೆದು ಬರೆಯುತ್ತೇನೆ. ಹನ್ನೊಂದು ಗಂಟೆಯ ಚೀಟಿ ಬಂದ ಒಂದು ದಿನ, ವಿಧವಾ ವೇತನ ನಿಂತುಹೋಗಿದ್ದ ಅಜ್ಜಿಯೊಬ್ಬರ ಆಧಾರ್ ಜೋಡಣೆ ಸರಿಪಡಿಸಿ ಕಳುಹಿಸಿದ್ದು ನೆನಪಾಯಿತು. ಸಭೆಯ ಗದರಿಕೆಯ ಕೆಳಗೆ ಅದು ಸಂಪೂರ್ಣ ಮುಚ್ಚಿಹೋಗಿತ್ತು.

ಊಟದ ವಿಷಯ ಎಲ್ಲಕ್ಕಿಂತ ಕಷ್ಟದ್ದು. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದೀರಿ ಎಂದು ವೈದ್ಯರು ಹೇಳಿದ ದಿನ ಸಿಹಿಯನ್ನು ಪೂರ್ತಿ ಬಿಟ್ಟೆ. ಬಂಧುಗಳ ಮದುವೆಯಲ್ಲಿ ಎಲೆಗೆ ಬಿದ್ದ ಒಂದು ಹೋಳಿಗೆ ತಿಂದ ಮೇಲೆ ಮನಸ್ಸು ಹೇಳುತ್ತದೆ: ಮುಳುಗಿದವನಿಗೆ ಚಳಿಯೇನು, ಮಳೆಯೇನು. ಆಮೇಲೆ ಇನ್ನೊಂದು ಹೋಳಿಗೆ, ಪಾಯಸ, ಸಂಜೆ ಮನೆಗೆ ಕಟ್ಟಿಕೊಟ್ಟ ಲಾಡು. ಇದನ್ನು ಸಂಶೋಧಕರು ಅಳೆದು ನೋಡಿದ್ದಾರೆ. ಪೀಟರ್ ಹರ್ಮನ್ ಮತ್ತು ಡೆಬೊರಾ ಮ್ಯಾಕ್ 1975ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವರಿಗೆ ಮೊದಲು ಮಿಲ್ಕ್‌ಶೇಕ್ ಕೊಟ್ಟು, ಆಮೇಲೆ ಬೇಕಾದಷ್ಟು ಐಸ್‌ಕ್ರೀಂ ತಿನ್ನಲು ಬಿಟ್ಟರು. ಪಥ್ಯದ ಹಂಗಿಲ್ಲದವರು ಹೊಟ್ಟೆ ತುಂಬಿದ್ದರಿಂದ ಕಡಿಮೆ ತಿಂದರು. ಊಟಕ್ಕೆ ಕಟ್ಟುಪಾಡು ಹಾಕಿಕೊಂಡಿದ್ದವರು ಮಾತ್ರ ಮಿಲ್ಕ್‌ಶೇಕ್ ಕುಡಿದ ಮೇಲೆಯೇ ಹೆಚ್ಚು ತಿಂದರು. ವ್ರತ ಹೇಗೂ ಮುರಿದಿದೆ, ಇನ್ನೇನು ಎಂಬ ಭಾವ. ಹಾಳು ಮಾಡಿದ್ದು ಆ ಮೊದಲ ಲೋಟವಲ್ಲ, ಅದರ ಮೇಲೆ ಬರೆದ ತೀರ್ಪು.

ನನಗೆ ಇಲ್ಲಿ ಸಹಾಯಕ್ಕೆ ಬಂದದ್ದು ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆ. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಆ ಅವಧಿಯಲ್ಲಿ ಹಿಮೋಗ್ಲೋಬಿನ್‌ಗೆ ಎಷ್ಟು ಸಕ್ಕರೆ ಅಂಟಿಕೊಂಡಿದೆ ಎಂಬುದನ್ನು ಅದು ಅಳೆಯುತ್ತದೆ. ಎರಡು-ಮೂರು ತಿಂಗಳ ಸರಾಸರಿ ಸಿಗುತ್ತದೆ. ದೇಹ ಇಡುವ ಲೆಕ್ಕದಲ್ಲಿ ಮದುವೆಯ ದಿನವೂ ಇರುತ್ತದೆ, ಮುದ್ದೆ-ಬಸ್ಸಾರು ಉಂಡ ದಿನಗಳೂ ಇರುತ್ತವೆ. ಇದು ತಿಳಿದ ಮೇಲೆ ಎರಡನೇ ಹೋಳಿಗೆ ನಿಲ್ಲಿಸುವುದೇ ನನ್ನ ಗುರಿ. ಮೊದಲನೆಯದು ಹೋದರೆ ಆ ದಿನ ಹನ್ನೆರಡಾಣೆ. ಎರಡನೆಯದನ್ನೂ ತಿಂದರೆ ಒಂಬತ್ತಾಣೆ, ರಾತ್ರಿಗೆ ಅನ್ನ ಕಡಿಮೆ. ಅಷ್ಟೇ.

ತಡವಾದಾಗ ಏನು ಮಾಡಬೇಕು ಎಂಬುದನ್ನೂ ಒಣಬೇಸಾಯದವರೇ ಹೇಳಿಕೊಡುತ್ತಾರೆ. ಜೂನ್-ಜುಲೈನಲ್ಲಿ ಹದವಾಗಿ ಮಳೆ ಬಿದ್ದರೆ ಎಂಆರ್-6ರಂಥ ದೀರ್ಘಾವಧಿ ರಾಗಿ. ಬಿತ್ತನೆ ಆಗಸ್ಟಿಗೆ ಜಾರಿದರೆ ಮಧ್ಯಮಾವಧಿಯ ಜಿಪಿಯು-28. ಇನ್ನೂ ತಡವಾದರೆ ಅಲ್ಪಾವಧಿಯ ಜಿಪಿಯು-48. ಉತ್ತರೆ ಮಳೆಯವರೆಗೂ ಹೊಲ ಖಾಲಿ ಉಳಿದರೆ ಹುರುಳಿ ಚೆಲ್ಲುತ್ತಾರೆ. ಹುರುಳಿ ರಾಗಿಗೆ ಸಮವೆಂದು ಯಾರೂ ಹೇಳುವುದಿಲ್ಲ. ಆದರೆ ಹೊಲ ಬೀಳು ಬೀಳುವುದಿಲ್ಲ, ಬೇರಿನ ಗಂಟುಗಳಿಂದ ಮಣ್ಣಿಗೆ ಸಾರಜನಕ ಸಿಗುತ್ತದೆ, ಮನೆಗೆ ಸಾರಿಗಾಗುತ್ತದೆ. ಮುಂದಿನ ಮುಂಗಾರಿಗೆ ಕಾಯುತ್ತಾ ಕೈಕಟ್ಟಿ ಕೂರುವ ‘ಸೋಮವಾರದಿಂದ’ ಎಂಬ ಮಾತು ಇಲ್ಲಿ ನಡೆಯುವುದಿಲ್ಲ.

ಹಾಗೆಯೇ ನನ್ನ ಪ್ರತಿ ಕೆಲಸಕ್ಕೂ ಮೂರು ಅವಧಿಯ ತಳಿ ಇಟ್ಟುಕೊಂಡಿದ್ದೇನೆ. ಇಲಾಖಾ ಪರೀಕ್ಷೆಯ ಓದನ್ನೇ ನೋಡಿ. ಪುರುಸೊತ್ತಿದ್ದ ದಿನ ಒಂದು ಗಂಟೆ ಕೂತು ಓದುವುದು. ಸಂಜೆ ಬಸ್ ತಡವಾದರೆ ಒಂದು ಅಧ್ಯಾಯದ ಮುಖ್ಯಾಂಶ. ಮನೆಗೆ ನೆಂಟರು ಬಂದು ಹತ್ತು ಗಂಟೆಯಾದರೆ ಸೇವಾ ನಿಯಮಾವಳಿಯ ಒಂದೇ ಒಂದು ನಿಯಮ, ಅಡುಗೆಮನೆಯಲ್ಲಿ ನಿಂತುಕೊಂಡೇ. ಇದು ಮೂರನೆಯದು, ಹುರುಳಿ. ಮುಖ್ಯವಾದ ಮಾತೆಂದರೆ ಈ ಮೂರನ್ನೂ ಮನಸ್ಸು ಚೆನ್ನಾಗಿರುವಾಗಲೇ ನಿಶ್ಚಯಿಸಿ ಬರೆದಿಟ್ಟಿರಬೇಕು. ದಣಿದ ರಾತ್ರಿಯಲ್ಲಿ ‘ಎಷ್ಟು ಮಾಡಿದರೆ ಸಾಕು’ ಎಂದು ಯೋಚಿಸಲು ಕೂತರೆ ಉತ್ತರ ಸೊನ್ನೆಯೇ ಬರುತ್ತದೆ. ಒಂದು ದಿನ ಹುರುಳಿಯೂ ಆಗದಿದ್ದರೆ? ಅದಕ್ಕೂ ಹೆದರಬೇಕಾಗಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಮಂದಿಯನ್ನು ಇಟ್ಟುಕೊಂಡು ನಡೆಸಿ, 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಹೊಸ ರೂಢಿ ಬೇರೂರುವಾಗ ನಡುವೆ ಒಂದು ಸಲ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ಹಿನ್ನಡೆಯೇನೂ ಆಗಲಿಲ್ಲ ಎಂದು ಅದರಲ್ಲಿ ಕಂಡುಬಂತು. ರೂಢಿ ಬೇರೂರಲು ಹಿಡಿದ ಕಾಲವೂ ಒಬ್ಬೊಬ್ಬರಿಗೆ ಒಂದೊಂದು, 18 ದಿನದಿಂದ 254 ದಿನದವರೆಗೆ. ‘21 ದಿನದಲ್ಲಿ ಬದಲಾಗಿ’ ಎಂದು ಹೇಳುವವರ ಮಾತು ಕೇಳಿ ಇಪ್ಪತ್ತೆರಡನೇ ದಿನ ನಿರಾಶರಾದವರಿಗೆ ಇದನ್ನು ಹೇಳಲೇಬೇಕು.

ಮನೆಯಲ್ಲಿ ಈ ಆಣೆ ಲೆಕ್ಕ ಹೆಚ್ಚು ಉಪಯೋಗಕ್ಕೆ ಬಂದದ್ದು ಮಗಳಿಗೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ಮರುದಿನ ಪತ್ರಿಕೆಗಳಲ್ಲಿ 625ಕ್ಕೆ 625 ಪಡೆದವರ ಫೋಟೊ ಬರುತ್ತದೆ. ಆ ಮಕ್ಕಳ ಶ್ರಮಕ್ಕೆ ನನ್ನ ಪೂರ್ಣ ಗೌರವವಿದೆ. ಆದರೆ ಉಳಿದ ಲಕ್ಷಾಂತರ ಮಕ್ಕಳ ಮನೆಗಳಲ್ಲಿ ಆ ಫೋಟೊ ಮಾಡುವ ಕೆಲಸವೇ ಬೇರೆ. ನನ್ನ ಮಗಳು ಗಣಿತದಲ್ಲಿ ಕೊನೆಯವರೆಗೆ ಬಿಡಿಸಲಾಗದ ಲೆಕ್ಕವನ್ನು ಮುಟ್ಟುತ್ತಲೇ ಇರಲಿಲ್ಲ. ನಾಲ್ಕು ಅಂಕದ ಪ್ರಮೇಯಕ್ಕೆ ಖಾಲಿ ಪುಟ. ಬಯ್ದರೆ ಪ್ರಯೋಜನವಿಲ್ಲ, ಅದು ಸೋಮಾರಿತನವಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹಳೆಯ ಪ್ರಶ್ನೆಪತ್ರಿಕೆಯ ಮೌಲ್ಯಮಾಪನದ ಮಾದರಿ ಉತ್ತರ ತಂದು ಮುಂದೆ ಇಟ್ಟೆ. ಚಿತ್ರಕ್ಕೆ ಇಷ್ಟು, ದತ್ತಕ್ಕೆ ಇಷ್ಟು, ರಚನೆಗೆ ಇಷ್ಟು, ಸಾಧನೆಗೆ ಇಷ್ಟು ಎಂದು ಅಲ್ಲಿ ಅಂಕ ಹಂಚಿರುತ್ತದೆ. ಅವಳು ಬಹಳ ಹೊತ್ತು ಅದನ್ನೇ ನೋಡಿದಳು. ‘ಹಾಗಾದರೆ ಚಿತ್ರ ಬರೆದರೂ ಕೊಡುತ್ತಾರಾ?’ ಎಂದಳು. ಅಂದಿನಿಂದ ಗೊತ್ತಿದ್ದಷ್ಟು ಬರೆಯುತ್ತಾಳೆ. ಚಿತ್ರ ಬರೆದು ದತ್ತ ಬರೆಯುವಷ್ಟರಲ್ಲಿ ಮುಂದಿನ ಹೆಜ್ಜೆ ತಾನಾಗಿ ಹೊಳೆಯುವುದೂ ಉಂಟು.

ಎಲ್ಲದಕ್ಕೂ ಆಣೆ ಹಾಕುವಂತಿಲ್ಲ. ಪಹಣಿಯಲ್ಲಿ ಸರ್ವೆ ನಂಬರಿನ ಒಂದು ಅಂಕಿ ಬದಲಾದರೆ ಒಂದು ಕುಟುಂಬ ನ್ಯಾಯಾಲಯದ ಮೆಟ್ಟಿಲು ಹತ್ತುತ್ತದೆ. ಅಲ್ಲಿ ಹದಿನೈದಾಣೆ ಸರಿ ಎಂಬುದಿಲ್ಲ. ಲಂಚದಲ್ಲಿಯೂ ಇಲ್ಲ, ಹೆಲ್ಮೆಟ್ಟಿನಲ್ಲಿಯೂ ಇಲ್ಲ. ಕುಡಿತದ ಚಟಕ್ಕೆ ಸಿಕ್ಕವರಿಗೆ ‘ಸ್ವಲ್ಪ ಕುಡಿ’ ಎಂದು ಹೇಳುವುದು ಕ್ರೌರ್ಯ. ಆದರೆ ಅಲ್ಲಿಯೂ ಒಂದು ಸೂಕ್ಷ್ಮವಿದೆ. ಬಿಟ್ಟವರು ಒಂದು ಸಂಜೆ ಜಾರಿದರೆ, ‘ಎಲ್ಲ ಮುಗಿಯಿತು’ ಎಂಬ ತೀರ್ಪೇ ಅವರನ್ನು ಮತ್ತೆ ಹಳ್ಳಕ್ಕೆ ತಳ್ಳುತ್ತದೆ ಎಂದು ವ್ಯಸನದ ಬಗ್ಗೆ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ ತೋರಿಸಿಕೊಟ್ಟರು. ಗುರಿ ಪೂರ್ತಿಯದೇ ಇರಲಿ, ಜಾರಿದ ದಿನದ ಲೆಕ್ಕ ಮಾತ್ರ ಬೇರೆ ಇರಲಿ. ನನ್ನ ಅನುಭವದಲ್ಲಿ, ಹದಿನಾರಾಣೆ ಎಲ್ಲಿ ಬೇಕೇ ಬೇಕು ಎಂದು ಗೊತ್ತಾಗುವುದು ಉಳಿದ ಕಡೆ ಅದನ್ನು ಕೇಳುವುದು ಬಿಟ್ಟ ಮೇಲೆಯೇ. ಮನೆಯ ಧೂಳಿಗೂ ಪಹಣಿಗೂ ಒಂದೇ ಕಟ್ಟುನಿಟ್ಟು ಇಟ್ಟುಕೊಂಡರೆ ಎರಡಕ್ಕೂ ಶಕ್ತಿ ಸಾಲುವುದಿಲ್ಲ.

ಸರ್ಕಾರಕ್ಕೆ ಗೆರೆ ಎಳೆಯದೆ ವಿಧಿಯಿಲ್ಲ. ಬೆಳೆ ನಷ್ಟ ಶೇ 33 ಮುಟ್ಟಿದರೆ ವಿಪತ್ತು ಪರಿಹಾರ. 2015ಕ್ಕೆ ಮುಂಚೆ ಶೇ 50 ಆಗಬೇಕಿತ್ತು. ಹಣ ಹಂಚಬೇಕಾದವರು ಎಲ್ಲೋ ಒಂದು ಕಡೆ ಹೌದು-ಅಲ್ಲ ಎನ್ನಲೇಬೇಕು, ಆ ಗೆರೆಯ ಈಚೆ ಉಳಿದವರ ಮುಖ ನೋಡುವ ಸಂಕಟ ನಮಗೆ ಇದ್ದದ್ದೇ. ನನ್ನ ದಿನಕ್ಕೆ ಯಾರೂ ಪರಿಹಾರ ಕೊಡುವುದಿಲ್ಲ, ಅದಕ್ಕೆ ಆ ಗೆರೆ ಬೇಕಾಗಿಲ್ಲ.

ಈ ಲೆಕ್ಕದಿಂದ ಎಲ್ಲರ ಭಾರವೂ ಇಳಿಯುತ್ತದೆ ಎಂದು ನಾನು ಹೇಳುವುದಿಲ್ಲ. ‘ನಾನೇ ಸೊನ್ನೆ’ ಎಂಬ ಮಾತು ದಿನವಿಡೀ ಬಿಡದೆ ಕಾಡುತ್ತಿದ್ದರೆ, ಬದುಕೇ ಬೇಡ ಎನ್ನಿಸುತ್ತಿದ್ದರೆ, ನೋಟ್‌ಬುಕ್ ಬದಿಗಿಟ್ಟು ಕೂಡಲೇ ಯಾರೊಡನಾದರೂ ಮಾತನಾಡಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು.

ನನಗೆ ಕೊನೆಗೆ ಬಂದ ಬಾಬು ಮನುಷ್ಯರು. ತಂದೆ ತೀರಿಕೊಂಡ ಮೇಲೆ ಜಮೀನಿನ ಭಾಗದ ವಿಚಾರದಲ್ಲಿ ಅಣ್ಣನಿಗೂ ನನಗೂ ಮಾತು ನಿಂತಿತ್ತು. ಅಣ್ಣನೆಂದರೆ ತವರು, ತವರೆಂದರೆ ಪೂರ್ತಿ ತವರು. ಅದಿಲ್ಲದಿದ್ದರೆ ಆ ಊರಿನ ಬಸ್ಸೇ ಹತ್ತುವುದಿಲ್ಲ ಎಂಬ ಹಟ. ಅವನ ಮೇಲೆ ನನಗಿರುವ ದೂರು ಇಂದಿಗೂ ಇದೆ, ಅದನ್ನು ಬಿಟ್ಟುಕೊಟ್ಟಿಲ್ಲ. ಆದರೆ ದೂರಿನ ಜೊತೆಗೇ ಬೇರೆ ಸಾಲುಗಳೂ ಇವೆ. ನನ್ನ ಬಾಣಂತನದಲ್ಲಿ ರಾತ್ರೋರಾತ್ರಿ ಗಾಡಿ ಮಾಡಿಕೊಂಡು ಬಂದವನು ಅವನೇ. ಈಗ ತಿಂಗಳಿಗೊಮ್ಮೆ ಫೋನಿನಲ್ಲಿ ಮಾತನಾಡುತ್ತೇವೆ, ಅಮ್ಮನ ಔಷಧಿಯ ವಿಷಯವಷ್ಟೇ. ಕಳೆದ ಗೌರಿ ಹಬ್ಬಕ್ಕೆ ಅವನು ಬರಲಿಲ್ಲ, ಅರಿಶಿನ-ಕುಂಕುಮದ ಹಣವನ್ನು ಮೊಬೈಲಿನಲ್ಲಿ ಕಳುಹಿಸಿದ. ‘ಇದೇನು ಮಹಾ’ ಎಂದು ನಮ್ಮ ಮನೆಯವರು ಅಂದರು. ಆ ದಿನ ಅವನ ಹೆಸರಿನ ಮುಂದೆ ಐದಾಣೆ ಬರೆದೆ. ಮುಂದಿನ ತಿಂಗಳು ಅವನ ಮಗನ ನಿಶ್ಚಿತಾರ್ಥವಿದೆ. ಹೋಗಿ, ಊಟ ಮಾಡಿ, ಸಂಜೆಯ ಬಸ್ಸಿಗೆ ಬರುತ್ತೇನೆ. ರಾತ್ರಿ ಉಳಿದುಕೊಳ್ಳುವುದಿಲ್ಲ.